ಎಡಗಣ್ಣು ಮುಚ್ಚಿದಾಗ

ನನಗೆ ಎಡಗಣ್ಣೊಂದನ್ನೇ ಮುಚ್ಚಲು ಬರುತ್ತಿರಲಿಲ್ಲ. ಬಲಗಣ್ಣಾದರೆ ಕಷ್ಟವಿಲ್ಲದೆ ಮುಚ್ಚುತ್ತಿದ್ದೆ. ಎಡಗಣ್ಣು ಮುಚ್ಚಲು ಹೋದರೆ ಬಲಗಣ್ಣೂ ಅದರ ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಬಾಯಿ ಸೊಟ್ಟಗಾಗಿ, ಮೂಗು ಮೇಲೇರಿ, ಹುಣಸೆಕಾಯಿ ಕಚ್ಚಿದವಳ ಮುಖವಾಗುತ್ತಿತ್ತು. ಪಿಯುಸಿಗೆ ಬರುವವರೆಗೂ ಇದೊಂದು ಕೊರತೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾವಿದ್ದದ್ದು ಶೆಟ್ಟಿಹಳ್ಳಿಯಲ್ಲಿ. ಅಪ್ಪ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ನಾನು ಯಶವಂತಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿ ಹುಡುಗಿಯರ ಕೆಡೆಟ್ ತಂಡವಿತ್ತು. ಖಾಕಿ ಬಟ್ಟೆ, ಕಪ್ಪು ಬೂಟು, ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ಪೂರಿ ಸಾಗು, ಇವೆಲ್ಲಕ್ಕಿಂತ ಹೆಚ್ಚಾಗಿ ಬಂದೂಕು ಹಿಡಿಯುವ ಆಸೆ. ಅಮ್ಮ ಬೇಡವೆಂದಳು. ಅಪ್ಪ, "ಹೋಗ್ಲಿ ಬಿಡೆ, ಗಟ್ಟಿ ಆಗ್ತಾಳೆ" ಎಂದು ಸಹಿ ಹಾಕಿದರು.

ನಮಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಒಬ್ಬರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಆರ್.ಟಿ. ನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಮೊದಲ ಕೆಲವು ವಾರ ಗುಂಡಿಲ್ಲದ ರೈಫಲ್ ಕೊಟ್ಟು ಕಾಲೇಜಿನ ಮೈದಾನದಲ್ಲಿ ಹೊಟ್ಟೆಯ ಮೇಲೆ ಮಲಗಿಸಿದರು. "ಎಡಗಣ್ ಮುಚ್ಚು. ಬಲಗಣ್ಣಲ್ಲಿ ನೋಡು. ನಳಿಗೆ ಹಿಂದಿನ ಕಂಡಿ, ನಳಿಗೆ ತುದಿಯ ಮುಳ್ಳು, ಗುರಿ, ಮೂರೂ ಒಂದೇ ಗೆರೇಲಿ ಬರ್ಬೇಕು."

ನನ್ನ ಹತ್ತಿರ ಬಂದಾಗ ನಾನು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಲಗಿರುತ್ತಿದ್ದೆ.

"ಏನ್ ಬೇಟಿ, ನಿದ್ದೆ ಮಾಡ್ತಿದೀಯಾ?"

ಸಾಲಿನ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಧೈರ್ಯ ಮಾಡಿ ಕೇಳಿದೆ: "ನೀವು ಹೊಡೆಯೋವಾಗ ಎರಡೂ ಕಣ್ಣು ತೆಗೆದೇ ಇರ್ತೀರಲ್ಲ ಉಸ್ತಾದ್?"

"ನಾನು ಎಷ್ಟೋ ವರ್ಷ ಒಂದು ಕಣ್ಣು ಮುಚ್ಚಿ ಹೊಡ್ದಿದೀನಿ. ಕೈ ಕೂತ್ಮೇಲೆ ಎರಡೂ ತೆಗ್ದೆ. ಎರಡು ಕಣ್ಣು ತೆಗ್ದು ಹೊಡೆಯೋನು ಗುರಿ ನೋಡ್ತಾನೆ, ಗುರಿ ಅಕ್ಕಪಕ್ಕಾನೂ ನೋಡ್ತಾನೆ. ಅದು ಆಮೇಲಿನ ಮಾತು. ನೀನು ಮೊದ್ಲು ಮುಚ್ಚೋದು ಕಲಿ."

ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಅಮ್ಮ ಬಟ್ಟೆ ಮಡಚುತ್ತಾ ಬಾಗಿಲಲ್ಲಿ ನಿಂತು ನೋಡಿದಳು. "ಯಾರಿಗೇ ಕಣ್ ಹೊಡೆಯೋದು ಕಲೀತಿದೀಯ? ಇದೇನಾ ನಿಮ್ ಕಾಲೇಜಲ್ಲಿ ಹೇಳ್ಕೊಡೋದು?" ಎಂದು ರೇಗಿದಳು. ಬಂದೂಕಿಗೆ ಎಂದರೂ ನಂಬಲಿಲ್ಲ.

ಗುಂಡು ಹಾರಿಸುವ ದಿನ ನಮ್ಮನ್ನು ಲಾರಿಯಲ್ಲಿ ಯಲಹಂಕದ ಆಚೆ, ರಾಜಾನುಕುಂಟೆಯ ದಾರಿಯಲ್ಲಿದ್ದ ಒಂದು ಬಯಲಿಗೆ ಕರೆದುಕೊಂಡು ಹೋದರು. ಎತ್ತರವಾದ ಮಣ್ಣಿನ ದಿಬ್ಬ. ಅದರ ಮುಂದೆ ಮರದ ಚೌಕಟ್ಟುಗಳಿಗೆ ಅಂಟಿಸಿದ ಗುರಿಹಾಳೆಗಳು. ಸುತ್ತ ರಾಗಿ ಹೊಲ, ಬೆಳಗಿನ ಚಳಿ. ನಾನು ಎರಡೂ ಕಣ್ಣು ತೆರೆದುಕೊಂಡೇ ಮಲಗಿದೆ. ಗುರಿ ಕಾಣುತ್ತಿತ್ತು, ಆದರೆ ರೈಫಲಿನ ನಳಿಗೆ ಬಲಕ್ಕೆ ಎಲ್ಲೋ ಇತ್ತು. ಎರಡೂ ಒಂದು ಗೆರೆಗೆ ಬರಲೇ ಇಲ್ಲ. ಹೊಡೆದ ಗುಂಡುಗಳೆಲ್ಲ ದಿಬ್ಬದಲ್ಲಿ ಧೂಳೆಬ್ಬಿಸಿದವು. ನನ್ನ ಹಾಳೆಯಲ್ಲಿ ಒಂದು ತೂತೂ ಇರಲಿಲ್ಲ.

ಉಸ್ತಾದರು ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಎಡಗಣ್ಣಿಗೆ ಬಿಗಿಯಾಗಿ ಕಟ್ಟಿದರು. "ಈಗ ಮುಚ್ಚೋ ಕೆಲ್ಸಾನೇ ಇಲ್ಲ. ಬಲಗಣ್ ತೆಗಿ. ಹೊಡಿ."

ಬಲಗಣ್ಣು ತೆರೆದೆ. ದಿಬ್ಬವಿರಲಿಲ್ಲ. ಗುರಿಹಾಳೆಯಿರಲಿಲ್ಲ. ಸೀಮೆಸುಣ್ಣ ಒರೆಸಿದ ಕರಿಹಲಗೆಯ ಹಾಗೆ ಬೂದು ಬಣ್ಣ, ಅದರಲ್ಲೊಂದು ಕಂದು ಛಾಯೆ. ನನ್ನ ಪಕ್ಕದಲ್ಲಿ ಮಲಗಿದ್ದ ಹುಡುಗಿ ಬರಿಯ ಖಾಕಿ ಕಲೆಯಾಗಿದ್ದಳು. ಕಣ್ಣಿಗೆ ಏನೋ ಬಿದ್ದಿದೆ ಎಂದುಕೊಂಡು ಉಜ್ಜಿದೆ.

"ಹೊಡಿ!"

"ಎಲ್ಲಿಗೆ ಉಸ್ತಾದ್?"

ಇದು ಕೊಬ್ಬಿನ ಮಾತೆಂದು ಅವರಿಗೆ ಸಿಟ್ಟು ಬಂತು. ರೈಫಲ್ ಕಿತ್ತುಕೊಂಡು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನನ್ನ ಮುಖ ನೋಡಿ ಏನನ್ನಿಸಿತೋ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಯೆತ್ತಿದರು. "ಎಷ್ಟು ಬೆರಳು?"

ಕೈ ಎತ್ತಿದ್ದು ಗೊತ್ತಾಯಿತು. ಬೆರಳು ಕಾಣಲಿಲ್ಲ. ಅವರು ಒಂದು ಹೆಜ್ಜೆ ಮುಂದೆ ಬಂದರು. ಮತ್ತೊಂದು. ಬೆರಳುಗಳು ನನಗೆ ಎಣಿಕೆಗೆ ಸಿಕ್ಕಾಗ ಅವರ ಅಂಗೈ ನನ್ನ ಮೂಗಿನ ಹತ್ತಿರವೇ ಇತ್ತು. ಅವರೇ ಕರವಸ್ತ್ರ ಬಿಚ್ಚಿದರು. ಯಾವ ಭಾಷೆಯಲ್ಲೂ ಬಯ್ಯಲಿಲ್ಲ. "ಹೋಗು ಬೇಟಿ, ನೆರಳಲ್ಲಿ ಕೂತ್ಕೊ" ಎಂದರು.

ಆ ಭಾನುವಾರ ಅವರು ಸೈಕಲ್ ತುಳಿದುಕೊಂಡು ನಮ್ಮ ಮನೆಗೇ ಬಂದರು. ಅಪ್ಪ ನಂಬಲಿಲ್ಲ. "ಇವ್ಳು ಸೂಜಿಗೆ ದಾರ ಪೋಣಿಸ್ತಾಳೆ ಸಾರ್. ಬಸ್ ನಂಬರ್ ನನಗಿಂತ ಮೊದ್ಲೇ ಓದ್ತಾಳೆ."

"ಎಡಗಣ್ಣಲ್ಲಿ ಓದ್ತಾಳೆ ಸ್ವಾಮಿ. ಅದು ಮುಚ್ಚಿ ನೋಡಿ."

ಅಪ್ಪ ತಮ್ಮ ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದರು. ಕೈಯಲ್ಲಿ ಕಾರ್ಖಾನೆಯ ಎಣ್ಣೆಯ ವಾಸನೆ ಇತ್ತು. "ಗೋಡೆ ಮೇಲೆ ಏನಿದೆ?" ಎಂದರು. ನಾನು, "ಗೋಡೆ ಇದೆ" ಎಂದೆ. ಅಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಅದರ ಮೇಲೆ ಮೊಳದುದ್ದದ ಲಕ್ಷ್ಮಿಯ ಚಿತ್ರವಿತ್ತು.

ಕಣ್ಣಿನ ಆಸ್ಪತ್ರೆಯ ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ತಾಳ್ಮೆಯವರು. ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನನ್ನು ಕೂರಿಸಿ ಹೇಳಿದರು. ಬಲಗಣ್ಣಿನಲ್ಲಿ ಗಾಯವಿಲ್ಲ, ಪೊರೆಯಿಲ್ಲ. ಹುಟ್ಟಿನಿಂದಲೇ ಆ ಕಣ್ಣಿಗೆ ಎಲ್ಲ ಮಸುಕು. ಮಸುಕಾದ ಚಿತ್ರ ಬೇಡವೆಂದು ಮಿದುಳು ಅದನ್ನು ಕೈಬಿಟ್ಟು, ಇನ್ನೊಂದು ಕಣ್ಣಿನಲ್ಲೇ ಕೆಲಸ ಮುಗಿಸಿಕೊಂಡಿದೆ. ಚಿಕ್ಕಂದಿನಲ್ಲೇ ಕರೆತಂದಿದ್ದರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ, ಈ ಕಣ್ಣಿಗೆ ನೋಡುವುದನ್ನು ಕಲಿಸಬಹುದಿತ್ತು.

"ಈಗ ಕಟ್ತೀವಿ ಮೇಡಂ" ಎಂದರು ಅಪ್ಪ.

"ಈಗ ಕಲಿಯೋ ವಯಸ್ಸು ದಾಟಿದೆ."

"ಆಪರೇಷನ್?"

"ಆಪರೇಷನ್ ಮಾಡೋಕೆ ಅಲ್ಲಿ ಕೆಟ್ಟಿರೋದು ಏನೂ ಇಲ್ಲ."

"ನನ್ ಕಣ್ಣು ಹಾಕೋಕಾಗುತ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಲ್ಲಪ್ಪ. ಹಾಗೆಲ್ಲ ಆಗಲ್ಲ. ಇರೋ ಕಣ್ಣನ್ನ ಜೋಪಾನ ಮಾಡ್ಕೊಳ್ಳಲಿ."

ಅಪ್ಪ ಮೋಟಾರು, ಗಡಿಯಾರ, ಪಕ್ಕದ ಮನೆಯವರ ರೇಡಿಯೋ, ಯಾವುದು ಕೆಟ್ಟರೂ ಬಿಚ್ಚಿ ಸರಿಮಾಡುವವರು. ಕೆಟ್ಟ ಭಾಗವೇ ಇಲ್ಲದ ಯಂತ್ರ ಕೆಲಸ ಮಾಡುತ್ತಿಲ್ಲ ಎಂದರೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ಕೂತಿದ್ದರು. ನಮ್ಮ ಸ್ಟಾಪ್ ಬಂದಾಗ ನಾನೇ ಎಬ್ಬಿಸಬೇಕಾಯಿತು, ಅವರೇನೂ ನಿದ್ದೆ ಮಾಡಿರಲಿಲ್ಲ.

ಅಮ್ಮನದು ಬೇರೆ ಸಂಕಟ. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗದೆ, ಚಿಕ್ಕಂದಿನಿಂದಲೂ ಮಜ್ಜಿಗೆ ಬಡಿಸುವಾಗ ನಾನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದೆ. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ತಪ್ಪುತ್ತಿತ್ತು. "ಕಣ್ಣು ಎಲ್ಲಿಟ್ಟಿದೀಯೇ?" ಎಂದು ಅಮ್ಮ ಸಾವಿರ ಸಲ ಬೈದಿದ್ದಳು, ಒಂದೆರಡು ಸಲ ತಲೆಗೆ ಮೊಟಕಿದ್ದಳು. ಈಗ ಅದೆಲ್ಲ ಒಂದೊಂದಾಗಿ ನೆನಪಾಗಿ, ಅಡುಗೆ ಮನೆಯಲ್ಲಿ ಬೆನ್ನು ತಿರುಗಿಸಿಕೊಂಡು, "ನಾನೇ ಬಾಯಿಬಿಟ್ಟು ಕೇಳ್ತಿದ್ನಲ್ಲೇ, ನಂಗೇ ಹೊಳೀಲಿಲ್ವಲ್ಲೇ" ಎನ್ನುತ್ತಿದ್ದಳು. ಬಿಡಮ್ಮ ಎಂದರೆ ಅಳು ಇನ್ನೂ ಹೆಚ್ಚುತ್ತಿತ್ತು. ನನಗೆ ಅವಳನ್ನು ಸಮಾಧಾನ ಮಾಡಲು ಬರುತ್ತಿರಲಿಲ್ಲ, ನನ್ನನ್ನು ಸಮಾಧಾನ ಮಾಡಲು ಅವಳಿಗೆ ಬರುತ್ತಿರಲಿಲ್ಲ.

ಡಾಕ್ಟರ ಮಾತನ್ನು ಅಪ್ಪ ಒಪ್ಪಲಿಲ್ಲ. ಹಳೆಯ ಕಪ್ಪು ಕೊಡೆಯ ಬಟ್ಟೆ ಕತ್ತರಿಸಿ, ಎಲಾಸ್ಟಿಕ್ ಹೊಲಿಸಿ ಒಂದು ಪಟ್ಟಿ ಮಾಡಿದರು. ಪ್ರತಿ ಸಂಜೆ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದ ಮೇಲೆ ನನ್ನ ಎಡಗಣ್ಣಿಗೆ ಅದನ್ನು ಕಟ್ಟಿ ಅಂಗಳದ ಕಲ್ಲಿನ ಮೇಲೆ ಕೂರಿಸುತ್ತಿದ್ದರು. ರಟ್ಟಿನ ಮೇಲೆ ಅಕ್ಷರ ಬರೆದು ಬೇಲಿಯ ಹತ್ತಿರ ನಿಂತು ಹಿಡಿಯುತ್ತಿದ್ದರು.

"ಇದೇನು?"

"ಕಾಣಲ್ಲಪ್ಪ."

"ಆತುರ ಪಡ್ಬೇಡ. ನಿಧಾನಕ್ಕೆ ನೋಡು."

ನಿಧಾನಕ್ಕೆ ನೋಡಿದರೆ ಬರುವಂಥದ್ದಲ್ಲ ಅದು. ದಿನ ಕಳೆದಂತೆ ಅಕ್ಷರ ದೊಡ್ಡದಾಯಿತು. ಆಮೇಲೆ ಅಪ್ಪ ಬೇಲಿಯಿಂದ ಸ್ವಲ್ಪ ಈಚೆಗೆ ನಿಲ್ಲತೊಡಗಿದರು. ಮತ್ತೊಂದು ವಾರಕ್ಕೆ ತುಳಸಿಕಟ್ಟೆಯ ಹತ್ತಿರ. ಕೊನೆಗೆ ನಾನು ಒಂದು 'ಅ' ಗುರುತಿಸಿದಾಗ ಅವರು ಕೈ ಚಾಚಿದರೆ ನನ್ನನ್ನು ಮುಟ್ಟುವಷ್ಟು ಹತ್ತಿರವಿದ್ದರು. "ನೋಡ್ದಾ, ಬರ್ತಿದೆ!" ಎಂದು ಒಳಗೆ ಹೋಗಿ ಅಮ್ಮನಿಗೆ ಹೇಳಿದರು. ಅಮ್ಮ ಕಿಟಕಿಯಿಂದ ನೋಡುತ್ತಲೇ ಇದ್ದವಳು. ಹೌದೆಂದಳು.

ಈ ನಡುವೆ ಉಸ್ತಾದರು ನನ್ನನ್ನು ಕೈಬಿಟ್ಟಿರಲಿಲ್ಲ. ಮುಂದಿನ ಸಲ ಬಯಲಿಗೆ ಹೋದಾಗ ಎಲ್ಲರ ಸರದಿ ಮುಗಿದ ಮೇಲೆ ಕರೆದರು. "ಎಡಗಡೆ ಭುಜಕ್ಕೆ ಇಟ್ಕೊ."

"ಎಡಗಡೆಯಿಂದ ಯಾರೂ ಹೊಡೀಬಾರ್ದು ಅಂತ ಮೊದಲ ದಿನಾನೇ ಅಂದಿದ್ರಿ."

"ಅಂದಿದ್ದೆ. ಇವತ್ತು ಇಟ್ಕೊ. ಕಣ್ಣು ಮುಚ್ಚೋ ಗೋಜಿಗೇ ಹೋಗ್ಬೇಡ. ಎರಡೂ ತೆಗ್ದೇ ಹೊಡಿ. ಬಲಗಣ್ಣು ನಿನಗೆ ಅಡ್ಡ ಬರೋದೇ ಇಲ್ಲ."

ಎಡಭುಜಕ್ಕೆ ರೈಫಲ್ ಇಟ್ಟಾಗ ಮೈಯೆಲ್ಲ ತಿರುಗುಮುರುಗಾಯಿತು. ಒಂದೊಂದು ಗುಂಡಿಗೂ ನಳಿಗೆ ಹಿಡಿದ ಬಲಗೈಯನ್ನು ಬಿಡಿಸಿ, ಗುಂಡು ತುಂಬುವ ಬೋಲ್ಟ್ ಎಳೆಯಬೇಕು. ಆದರೆ ಕಂಡಿ, ಮುಳ್ಳು, ಗುರಿ ಮೂರೂ ಮೊದಲ ಸಲ ಒಂದೇ ಗೆರೆಗೆ ಬಂದು ನಿಂತವು. ಐದು ಗುಂಡೂ ಹಾಳೆಗೆ ಬಿದ್ದವು, ಮೂರು ನಡುವಿನ ಕಪ್ಪು ವೃತ್ತದ ಒಳಗೆ. ಉಸ್ತಾದರು ಹಾಳೆಯನ್ನು ಸೂರ್ಯನಿಗೆ ಹಿಡಿದು ತೂತುಗಳ ಮೂಲಕ ನೋಡಿದರು. "ಇವರಲ್ಲಿ ಯಾರೂ ಹೀಗೆ ಹೊಡೆದಿಲ್ಲ ಬೇಟಿ" ಎಂದರು. ಅವತ್ತು ಲಾರಿಯಲ್ಲಿ ನಾನು ಒಬ್ಬಳೇ ಹಾಡಿಕೊಂಡು ಬಂದೆ.

ಸ್ಪರ್ಧೆಯ ತಂಡವನ್ನು ಆರಿಸಲು ಬಂದ ಅಧಿಕಾರಿಯ ಎದುರಲ್ಲೂ ಹಾಗೇ ಹೊಡೆದೆ. ಅವರು ಹಾಳೆ ನೋಡಿ ಮೆಚ್ಚಿದರು. ಆಮೇಲೆ ನಾನು ಮಲಗಿದ್ದ ಜಾಗವನ್ನು ನೋಡಿದರು. ಸಾಲಿನಲ್ಲಿ ಎಲ್ಲರ ಕಾಲು ಒಂದು ಕಡೆಗೆ ಚಾಚಿದ್ದರೆ ನನ್ನವು ಇನ್ನೊಂದು ಕಡೆಗೆ. ಪಕ್ಕದವಳಿಗೆ ತಾಗುತ್ತಿದ್ದವು. ಸ್ಪರ್ಧೆಯ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ, ಬಲಗಡೆಯಿಂದ ಹೊಡೆಯುವುದಾದರೆ ಸೇರಿಸಿಕೊಳ್ಳುತ್ತೇನೆ ಎಂದರು. ಉಸ್ತಾದರು ಮುಂದೆ ಹೋಗಿ ಕಣ್ಣಿನ ವಿಷಯ ಹೇಳಿದರು.

"ಒಂದೇ ಕಣ್ಣಾ? ಹಾಗಾದ್ರೆ ರೈಫಲ್ ಯಾಕ್ರೀ ಕೊಟ್ರಿ?"

ಅಲ್ಲಿಗೆ ಮುಗಿಯಿತು. ಸಹಾಯ ಮಾಡಲೆಂದು ಆಡಿದ ಮಾತೇ ಬಾಗಿಲು ಮುಚ್ಚಿತ್ತು. ಉಸ್ತಾದರು ಸಲ್ಯೂಟ್ ಹೊಡೆದು ಹಿಂದೆ ಬಂದರು. ಅಷ್ಟು ಎತ್ತರದ ಮನುಷ್ಯ ಕೈ ಎಲ್ಲಿಡಬೇಕೆಂದು ತಿಳಿಯದೆ ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

ತಂಡ ಹೊರಟ ದಿನ ನಾನು ಯಶವಂತಪುರದ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಹುಡುಗಿಯರು ಕಿಟಕಿಯಿಂದ ಕೈಬೀಸಿದರು. ನನ್ನ ಜಾಗಕ್ಕೆ ಆಯ್ಕೆಯಾದವಳು ಎಲ್ಲರಿಗಿಂತ ಹೆಚ್ಚು ಬೀಸಿದಳು. ಒಳ್ಳೆಯವಳು, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಅಪ್ಪ ಪಟ್ಟಿ ಕಟ್ಟಲು ಕರೆಯಲಿಲ್ಲ. ಮರುದಿನವೂ ಕರೆಯಲಿಲ್ಲ. ನಾನೇ ಅಂಗಳದ ಕಲ್ಲಿನ ಮೇಲೆ ಹೋಗಿ ಕೂತೆ. ಅವರು ಹೊರಗೆ ಬಂದು ಪಕ್ಕದಲ್ಲಿ ಕೂತರು. "ಪರೀಕ್ಷೆ ಹತ್ರ ಬಂತಲ್ಲ, ಓದ್ಕೋ ಹೋಗು" ಎಂದರು. ಇಬ್ಬರೂ ಏಳಲಿಲ್ಲ.

ಆದರೆ ಅವರಿಗೆ ಹೊಸ ಅಭ್ಯಾಸವೊಂದು ಅಂಟಿಕೊಂಡಿತು. ನಮ್ಮ ಬೀದಿಯಲ್ಲಿ ಮೂರು ನಾಲ್ಕು ವರ್ಷದ ಮಗು ಯಾವುದು ಕಂಡರೂ ಹತ್ತಿರ ಕರೆದು, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, "ಆ ಮರದ ಮೇಲೆ ಏನಿದೆ ಹೇಳು ಮರಿ" ಎನ್ನುತ್ತಿದ್ದರು. ಮಕ್ಕಳಿಗೆ ಅದು ಆಟ. ಕಾಗೆ, ಗಾಳಿಪಟ, ಬಲೂನು ಎಂದು ಇಲ್ಲದ್ದನ್ನೂ ಹೇಳುತ್ತಿದ್ದವು. ಎಂಬತ್ತರ ದಶಕದ ಕೊನೆಗೆ ಬೀದಿಗೆ ಹೊಸ ಮನೆಗಳು, ಹೊಸ ಜನ ಬಂದರು. ಅವರಿಗೆ ಈ ಮುದುಕ ವಿಚಿತ್ರವಾಗಿ ಕಂಡರು. ಒಬ್ಬಾಕೆ ಮಗುವನ್ನು ಎಳೆದುಕೊಂಡು, "ನಮ್ ಮಗೂಗೆ ಏನಾಗಿದೆ ಅಂತ ಹೀಗ್ ಮಾಡ್ತೀರ?" ಎಂದು ನನ್ನೆದುರಿಗೇ ಕೇಳಿದಳು. ಮದುವೆಯಾಗಿ ಹೋಗಿದ್ದ ನಾನು ಆಗ ತವರಿಗೆ ಬಂದಿದ್ದೆ.

"ಏನೂ ಆಗಿಲ್ಲ ಕಣಮ್ಮ. ಚೆನ್ನಾಗಿದೆ. ಎರಡೂ ಚೆನ್ನಾಗಿದೆ" ಎಂದರು ಅಪ್ಪ.

ಅವಳು ಬಾಗಿಲು ಹಾಕಿಕೊಂಡಳು.  ಅಪ್ಪ ಚಪ್ಪಲಿ ಸರಿಮಾಡಿಕೊಂಡು, ಹಾಲಿಗೆ ಹೊತ್ತಾಯಿತೆಂದು ನನ್ನನ್ನು ಕರೆದುಕೊಂಡು ಡೈರಿಯ ಕಡೆ ನಡೆದರು.