ಖಾಲಿ ಹೊಟ್ಟೆಯ ಶಿಸ್ತು

ಆಸ್ಪತ್ರೆಗೆ ಹೋಗುವವರಲ್ಲಿ ಎರಡು ಪಂಗಡ: ತಿಂದು ಹೋಗುವವರು, ತಿನ್ನದೆ ಹೋಗುವವರು. ನಾನು ಎರಡನೆಯ ಪಂಗಡದ ಕಟ್ಟಾ ಅನುಯಾಯಿ. ಕಾಲು ಉಳುಕಿದರೂ ಕಿವಿ ನೋಯುತ್ತಿದ್ದರೂ ಪರ್ಕಳದ ಮನೆಯಿಂದ ಮಣಿಪಾಲಕ್ಕೆ ಖಾಲಿ ಹೊಟ್ಟೆಯಲ್ಲೇ ಹೊರಡುವವನು. ವೈದ್ಯರು ಅಕಸ್ಮಾತ್ ರಕ್ತಪರೀಕ್ಷೆ ಬರೆದುಕೊಟ್ಟರೆ ಅದಕ್ಕಾಗಿ ಇನ್ನೊಂದು ದಿನ ಹಾಳಾಗಬಾರದಲ್ಲ! ಆಯುಷ್ಯವೆಲ್ಲ ಮೇಷ್ಟ್ರಾಗಿದ್ದವನಿಗೆ ಪರೀಕ್ಷೆ ಎಂದೊಡನೆ ಪೂರ್ವಸಿದ್ಧತೆಯೇ ನೆನಪಾಗುತ್ತದೆ. ನಿಮ್ಮ ಬಂಧುಬಳಗದಲ್ಲೂ ಇಂಥವರೊಬ್ಬರು ಇರುತ್ತಾರೆ, ನೀವು ನಕ್ಕಿರುತ್ತೀರಿ.

ಕಾಪುವಿಗೆ ಮದುವೆ ಮಾಡಿಕೊಟ್ಟ ಮಗಳು ವೀಣಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳ ತಾಯಿ ತೀರಿಹೋಗಿ ವರ್ಷಗಳಾಗಿವೆ. ಉಪಚಾರದ ಹೊಣೆಯೆಲ್ಲ ಈ ಪಂಡಿತನದೇ. ಎಂಟನೆಯ ತಿಂಗಳಲ್ಲಿ, ಮಗುವಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡುವ ಸ್ಕ್ಯಾನ್‌ಗೆ ಬರಹೇಳಿದ್ದರು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಅವಳು ಬಡಿಸಿಕೊಂಡಿದ್ದ ಅವಲಕ್ಕಿ-ಸಜ್ಜಿಗೆಯನ್ನು ನಾನೇ ಮುಚ್ಚಿಟ್ಟೆ.

“ಅಪ್ಪ, ಹಸಿವಾಗ್ತಾ ಉಂಟು.”

“ಬಂದು ತಿಂದರಾಯ್ತು ಮಗಾ.”

ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ವೈದ್ಯೆ ಪರದೆಯನ್ನು ಬಹಳ ಹೊತ್ತು ನೋಡಿದರು. “ಬೆಳಗ್ಗೆ ಎಂತ ತಿಂದಿದ್ದೀರಿ?” ಎಂದರು. ವೀಣಾ ನನ್ನ ಮುಖ ನೋಡಿದಳು. “ರಕ್ತ ಹರಿಯುವುದು ಕಡಿಮೆ ಕಾಣ್ತದೆ. ಕೆಲವೊಮ್ಮೆ ಹಸಿವಿನಲ್ಲಿ ಸ್ವಲ್ಪ ವ್ಯತ್ಯಾಸ ಬರ್ತದೆ. ತಿಂದು ಬನ್ನಿ, ಪುನಃ ನೋಡುವ.”

ಕ್ಯಾಂಟೀನಿನಲ್ಲಿ ಅವಳು ಇಡ್ಲಿ ತಿನ್ನುವುದನ್ನು ನೋಡುತ್ತ ಕುಳಿತೆ. ಜೀವಮಾನವಿಡೀ ತಪ್ಪು ನನ್ನದಲ್ಲವೆಂದು ವಾದಿಸಿ ಗೆದ್ದವನು, ಅಂದು ಮಾತ್ರ ತಪ್ಪೆಲ್ಲ ನನ್ನದೇ ಆಗಿರಲಿ ಎಂದು ಬೇಡಿಕೊಂಡೆ. ನನ್ನ ತಪ್ಪಾಗಿದ್ದರೆ ಎರಡು ಇಡ್ಲಿಯಲ್ಲಿ ಸರಿಹೋಗುತ್ತಿತ್ತು.

ಸರಿಹೋಗಲಿಲ್ಲ. ಎರಡನೆಯ ಸಲವೂ ಪರದೆ ಅದನ್ನೇ ತೋರಿಸಿತು. ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಹೆಣ್ಣುಕೂಸು ನಾಲ್ಕು ದಿನ ಬದುಕಿತ್ತು. ಹೊಟ್ಟೆಯೊಳಗೆ ಮಗುವನ್ನು ಪೋಷಿಸುವ ಮಾಸು ಎಷ್ಟೋ ವಾರಗಳಿಂದ ಸೊರಗಿತ್ತು, ಒಂದು ಬೆಳಗಿನ ಹಸಿವಿನಿಂದ ಹೀಗಾಗುವುದಿಲ್ಲ ಎಂದು ವೈದ್ಯೆ ಎರಡೆರಡು ಬಾರಿ ಹೇಳಿದರು. ನಾನು ನಂಬಿದೆ. ಬುದ್ಧಿ ನಂಬಿತು ಎನ್ನುವುದು ಹೆಚ್ಚು ಸರಿ.

ವೀಣಾ ನನ್ನನ್ನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಗ್ಗೆ ನನಗೆ ಬಡಿಸಿ ಎದುರು ಕೂರುತ್ತಾಳೆ. ನಾನು ಮೊದಲ ತುತ್ತು ಎತ್ತುವವರೆಗೂ ಅವಳ ಕೈ ತಟ್ಟೆಗೆ ಹೋಗುವುದಿಲ್ಲ. ಯಾಕೆಂದು ನಾನು ಕೇಳಿಲ್ಲ.

ಇವತ್ತು ನನಗೆ ಉಡುಪಿಯಲ್ಲಿ ಸಕ್ಕರೆಯ ಪರೀಕ್ಷೆಯಿತ್ತು, ನಿಜವಾಗಿಯೂ ಹಸಿದೇ ಹೋಗಬೇಕಾದದ್ದು. ತಟ್ಟೆಯಲ್ಲಿ ಅವಲಕ್ಕಿ, ಎದುರಿಗೆ ವೀಣಾ. ತಿಂದೆ.

ಲ್ಯಾಬಿನ ಹುಡುಗಿ ರೇಗಿದಳು: “ಎಂತ ಸರ್, ಖಾಲಿ ಹೊಟ್ಟೆಯಲ್ಲಿ ಬರ್ಲಿಕ್ಕೆ ಹೇಳಿದ್ದಲ್ವಾ? ನಾಳೆ ಬನ್ನಿ.”

ತಲೆಯಾಡಿಸಿ ಹೊರಬಂದೆ. ನಾಳೆಯೂ ತಿಂದೇ ಬರುತ್ತೇನೆ ಎಂದು ಅವಳಿಗೆ ಹೇಗೆ ಹೇಳಲಿ?