ಕಾಫಿ ತೊಟ್ಟಿಯೊಳಗಿನ ಸ್ಯಾಕ್ಸೋಫೋನ್

ಇವತ್ತು ಮೊಮ್ಮಗಳ ಎಸ್ಟೇಟಿನಲ್ಲಿ ಕಾಫಿ ತೊಳೆಯುವ ಖಾಲಿ ತೊಟ್ಟಿಗಿಳಿದು ಮರಿಮಗ ‘ಕೂ’ ಎಂದ. ತೊಟ್ಟಿ ಅವನಿಗಿಂತ ಜೋರಾಗಿ ‘ಕೂ’ ಎಂದಿತು. ಅಷ್ಟೇ ಸಾಕಾಯಿತು, ನಾನು ಬಿಳಿ ದೊರೆಗಳ ಕಾಲದ ಕೊಡಗಿನ ಕುಟ್ಟಕ್ಕೆ ಹೋಗಿಬಿಟ್ಟೆ!

ಅಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಂತೋಣಿ ಮಾಮನಿಗೆ ಜಾಝ್ ಹುಚ್ಚು. ದೊರೆಯ ಬಂಗಲೆಯ ಗ್ರಾಮಫೋನ್ ಕೇಳಿ ಕೇಳಿಯೇ ಕಲಿತದ್ದು. ಸ್ಯಾಕ್ಸೋಫೋನ್ ನುಡಿಸುವುದು ಮಾತ್ರ ಖಾಲಿ ತೊಟ್ಟಿಯೊಳಗೆ, ಬೂಟು ಬಿಚ್ಚಿಟ್ಟು, ಗೋಡೆಗೆ ಮುಖ ಮಾಡಿ. ಅಲ್ಲಿ ನಾದ ದುಂಡಗಾಗುತ್ತದಂತೆ!

ನಮ್ಮಜ್ಜ ತೊಟ್ಟಿಯ ದಂಡೆಯ ಮೇಲೆ ಕೂತು, ಒಪ್ಪದೆ ತಲೆಯಾಡಿಸುತ್ತಿದ್ದರು. “ಚೆನ್ನಾಗೇನೋ ಉಂಟು ರೈಟ್ರೇ. ಆದ್ರೆ ಕೈ ಮೇಲೇಳೋದಿಲ್ಲವಲ್ಲ!” ವಾಲಗ ಕೇಳಿದರೆ ಕೈ ತಾನಾಗಿ ಮೇಲೆದ್ದು ಕುಣಿಯಬೇಕು, ಅದು ನಮ್ಮವರ ಲೆಕ್ಕ.

ಮಾಮನಿಗೆ ಆ ಮಾತು ನಾಟಿತು. ಮದುವೆಗಳಲ್ಲಿ ವಾಲಗ ಊದುವ ಚೋಮಣ್ಣನನ್ನು ತೊಟ್ಟಿಗೇ ಇಳಿಸಿಕೊಂಡ. ವಾರವಿಡೀ ಒಬ್ಬ ಊದಿದ್ದನ್ನು ಇನ್ನೊಬ್ಬ ತಿರುಗಿಸಿ ಊದಿದ. ಭಾನುವಾರ ಮಾಮ ಒಬ್ಬನೇ ನುಡಿಸಿದ. ಅದೇ ಜಾಝ್, ಆದರೆ ಅಬ್ಬಾ, ಹೆಜ್ಜೆಯೆಲ್ಲ ವಾಲಗದ್ದು!

ನಾನು ಅಜ್ಜನ ಕೈಯನ್ನೇ ನೋಡುತ್ತಿದ್ದೆ. ಮೊದಲು ಊರುಗೋಲು ಅಲುಗಿತು. ಆಮೇಲೆ ಕೋಲಿನ ಸಮೇತ ಕೈ ಮೇಲೆದ್ದಿತು! ಓರೆಗಣ್ಣಲ್ಲಿ ಅದನ್ನು ಕಂಡ ಮಾಮ ನಗು ತಡೆಯಲಾರದೆ ಸ್ವರ ತಪ್ಪಿದ.

“ನಿಲ್ಲಿಸ್ಬೇಡಿ ರೈಟ್ರೇ!” ಎಂದು ಅಜ್ಜ ಗದರಿದರು.

ಮರಿಮಗ ಮತ್ತೆ ಕೂಗಿದ, ಈ ಸಲ ಗೋಡೆಗೆ ತಾಳ ಬಡಿಯುತ್ತ.

“ಅಜ್ಜೀ, ಕೋಲು ನೆಲಕ್ಕೂರಿ, ಬೀಳ್ತೀರಿ!” ಎನ್ನುತ್ತ ಮೊಮ್ಮಗಳು ಓಡಿ ಬಂದಳು.