ಅಕ್ಕನ ಎಣ್ಣೆಡಬ್ಬಿ

ನನ್ನ ಅಕ್ಕನಿಗೆ ಸಮುದ್ರದ ಹುಚ್ಚು. ಹೊಲಿಗೆಯಂಗಡಿಯಲ್ಲಿ ಜನರ ಅಳತೆ ತೆಗೆದು ತೆಗೆದು ಸಾಕಾಗಿ, ನರಮನುಷ್ಯರ ಸದ್ದಿಲ್ಲದ ಕಡೆ ಇರಬೇಕೆಂದು ಹಟ ಹಿಡಿದು ಈ ಮನೆ ಕೊಂಡಳು. ಮುಖ್ಯ ರಸ್ತೆಯಿಂದ ಇಲ್ಲಿಗೆ ಒಂದೇ ಕಲ್ಲುದಾರಿ. ಉಬ್ಬರ ಬಂದರೆ ಅದೂ ನೀರಿನಡಿ. ಅರ್ಧ ಲೀಟರ್ ಹಾಲಿಗೂ ಸಮುದ್ರದ ಅಪ್ಪಣೆ ಬೇಕು. ಬಂದಾಗಲೆಲ್ಲ ನಾನು ಗೊಣಗುತ್ತಿದ್ದೆ. "ಇವರಿಗೂ ಈ ಗಾಳಿ ಒಗ್ಗಿದೆ ಕಣೇ" ಎಂದು ಅಕ್ಕ ಭಾವನ ಕಡೆ ಕೈ ತೋರಿಸುತ್ತಿದ್ದಳು. ಭಾವ ಹೌದು ಅಂತಲೂ ಅನ್ನುತ್ತಿರಲಿಲ್ಲ, ಇಲ್ಲ ಅಂತಲೂ ಅನ್ನುತ್ತಿರಲಿಲ್ಲ. ಕಿಟಕಿ ತೆರೆದರೆ ಬರೀ ನೀರು, ಬೆಳಕು. ನನಗೂ ಒಳಗೊಳಗೇ ಹೊಟ್ಟೆಯುರಿಯುತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಉಪ್ಪುಗಾಳಿಯ ಜೊತೆ ಮಾತ್ರ ಅವಳಿಗೆ ಜನ್ಮವೈರ. ವಾರಕ್ಕೊಮ್ಮೆ ಹೊಲಿಗೆಯಂತ್ರದ ಎಣ್ಣೆಡಬ್ಬಿ, ಚಿಂದಿಬಟ್ಟೆ ಹಿಡಿದು ಮನೆಯೆಲ್ಲ ಸುತ್ತುವಳು. ಚಿಲಕ, ಬೀಗ, ಕತ್ತರಿ, ಕಿಟಕಿಯ ಸರಳು, ಭಾವನ ಕೊಡೆಯ ಕಡ್ಡಿ, ತುಕ್ಕು ಹಿಡಿಯಬಲ್ಲದ್ದಕ್ಕೆಲ್ಲ ಎಣ್ಣೆ. "ಸುಮ್ನೆ ಕೂತ್ರೆ ನನಗೂ ಹಚ್ತಾಳೆ" ಎಂದು ಭಾವ ನಗುತ್ತಿದ್ದರು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಧೂಳು ಕುಡಿದ ಅವರ ಎದೆ ಈಗ ಆಕ್ಸಿಜನ್ ಸಿಲಿಂಡರನ್ನೇ ನಂಬಿತ್ತು. ಮಂಚದ ಪಕ್ಕ ಒಂದು, ಮೂಲೆಯಲ್ಲಿ ತುಂಬಿದ್ದು ಇನ್ನೊಂದು.

ನಾನು ಬಂದಿದ್ದ ಒಂದು ಮಧ್ಯಾಹ್ನ ಮಂಚದ ಪಕ್ಕದ ಸಿಲಿಂಡರಿನ ಮಾಪಕದ ಮುಳ್ಳು ಕೆಂಪಿಗೆ ಇಳಿದಿತ್ತು. ದಾರಿ ಆಗಷ್ಟೇ ಮುಳುಗಿತ್ತು. ಅಕ್ಕ ನಿಧಾನವಾಗಿ ಸ್ಪ್ಯಾನರ್ ಹಿಡಿದು ಮೂಲೆಯ ಸಿಲಿಂಡರಿನ ಮುಂದೆ ಕೂತಳು. ವಾಲ್ವಿನ ಮೇಲೆ ಸ್ಪ್ಯಾನರ್ ಜಾರಿತು. ಮತ್ತೆ ಜಾರಿತು. ನಾನು ಸಿಲಿಂಡರ್ ತಂದುಕೊಡುವವನಿಗೆ ಫೋನ್ ಮಾಡಿದೆ.

"ಯಾಕೆ ಜಾರುತ್ತಮ್ಮ?"

"ತುಕ್ಕು ಹಿಡೀಬಾರ್ದು ಅಂತ ಅಕ್ಕ ಎಣ್ಣೆ ಹಚ್ಚಿದಾಳೆ."

ಅವನು ಒಂದೊಂದೇ ಮಾತು ಬಿಡಿಸಿ ಹೇಳಿದ. "ಮೊದ್ಲು ಅವರ ಕೈ ಅದರಿಂದ ತೆಗೆಸಿ. ಆಕ್ಸಿಜನ್‌ಗೆ ಎಣ್ಣೆ ತಾಗಿದ್ರೆ ಹೊತ್ತಿಕೊಳ್ಳುತ್ತೆ, ಬೆಂಕಿಕಡ್ಡಿನೂ ಬೇಕಿಲ್ಲ. ಒರೆಸಿದ್ರೂ ನಂಬೋ ಹಾಗಿಲ್ಲ. ನಾನು ಬೇರೆ ತರ್ತೀನಿ."

"ದಾರಿ ಮುಳುಗಿದೆ."

"ದೋಣಿ ನೋಡ್ತೀನಿ. ಡಾಕ್ಟ್ರನ್ನ ಕೇಳಿ, ಹಳೇದ್ರಲ್ಲಿ ಉಳಿದಿರೋ ಗಾಳಿ ಸಣ್ಣ ಮಾಡಿ. ನಿಮ್ಮ ಭಾವನ್ನ ಮಾತಾಡಿಸ್ಬೇಡಿ."

ಅಕ್ಕ ಸ್ಪ್ಯಾನರ್ ಕೆಳಗಿಟ್ಟಳು. ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದಳು, ಮೂಸಿ ನೋಡಿ ಮತ್ತೆ ತೊಳೆದಳು. ಬಂದವಳು ಭಾವನನ್ನು ಮುಟ್ಟಲು ಹೆದರಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಳು. ಡಾಕ್ಟರು ಫೋನಿನಲ್ಲಿ ಹೇಳಿದಷ್ಟು ಗಾಳಿ ಇಳಿಸಿದ್ದು ನಾನೇ. ನನಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟು ವರ್ಷ ಗೊಣಗಿದ್ದೆಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಭಾವನ ತುಟಿ ನೀಲಿಯಾಗತೊಡಗಿತು. ಒಂದೊಂದು ಉಸಿರಿಗೂ ಹೆಗಲು ಮೇಲೆದ್ದು ಬೀಳುತ್ತಿತ್ತು. ಕಣ್ಣು ಮಾತ್ರ ಅಕ್ಕನ ಮೇಲೆ. ಮುಳ್ಳು ಸೊನ್ನೆಗೆ ತಾಗಿದಾಗ "ನಾನೇ ಕೊಂದೆ ಕಣೇ" ಎಂದಳು ಅಕ್ಕ, ನನಗೆ ಮಾತ್ರ ಕೇಳುವಷ್ಟು.

ದೋಣಿಯ ಸದ್ದು ಕೇಳಿ ಹೊರಗೋಡಿದೆ. ಬಂಡೆಗಳಿಗೆ ಹೆದರಿ ದೋಣಿ ದೂರದಲ್ಲೇ ನಿಂತಿತ್ತು. ಸಿಲಿಂಡರಿನವನೂ ದೋಣಿಯವನೂ ಬೇರೆ ಸಿಲಿಂಡರನ್ನು ಹೆಗಲಿಗೇರಿಸಿ, ಸೊಂಟಮಟ್ಟದ ನೀರಿನಲ್ಲಿ ಎದ್ದು ಬಿದ್ದು ಬಂದರು. ಒದ್ದೆ ಕೈ ಒರೆಸಿಕೊಂಡು ಸಿಲಿಂಡರಿನವನು ನಳಿಕೆ ಜೋಡಿಸಿದ. ಮೆಲ್ಲಗೆ ಭಾವನ ತುಟಿ ಮತ್ತೆ ಕೆಂಪಿಗೆ ತಿರುಗಿತು. ಅಕ್ಕ ಅಲ್ಲೇ ನೆಲಕ್ಕೆ ಕುಸಿದು ಅತ್ತಳು.

ಸಂಜೆ ದಾರಿ ತೆರೆದುಕೊಂಡ ಮೇಲೆ ಅವಳು ಮಂಚದ ಅಂಚಿನಲ್ಲಿ ಕೂತು ಕೇಳಿದಳು. "ರೀ, ಪೇಟೆಗೇ ಹೋಗ್ಬಿಡೋಣ್ವಾ..."

ಮಾತು ಮುಗಿಯುವ ಮೊದಲೇ ಭಾವ ಹೌದೆಂದು ತಲೆಯಾಡಿಸಿದರು.

ಅಕ್ಕ ಅವರ ಕಡೆ ಬಾಗಿದಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ" ಎಂದರು ಭಾವ.